ಮಗಳಿಗೆ ದನದ ಡಾಕ್ಟ್ರು ಆಗಬೇಕಂತೆ. ಕಾಲೇಜಿನಲ್ಲಿ ಯಾವ ಮೇಜರ್ ಹಾಕಿಸಲಿ?

ತಿಪಟೂರು_ಟು_ಕೊಲಂಬಸ್

ಎಲ್ಲರಿಗೂ ನಮಸ್ಕಾರ. ನಾವು ಓಹಾಯೋದ ಕೊಲಂಬಸ್ ಹತ್ತಿರ ಇದ್ದೇವೆ. ಮಗಳು ಈಗ ಹನ್ನೆರಡನೇ ಕ್ಲಾಸು. ಆರನೇ ಕ್ಲಾಸಿನಿಂದ ಒಂದೇ ಮಾತು, ವೆಟ್ ಆಗುತ್ತೇನೆ ಅಂತ. ನಾಯಿಮರಿ ಹುಚ್ಚು, ತಾನಾಗೇ ಬಿಟ್ಟುಹೋಗುತ್ತೆ ಅಂದುಕೊಂಡಿದ್ದೆವು. ಬಿಡಲಿಲ್ಲ.

ಈಗ ಕಾಲೇಜಿಗೆ ಅರ್ಜಿ ಹಾಕುವ ಸಮಯ. ಎಲ್ಲ ಫಾರ್ಮಿನಲ್ಲೂ ‘ಮೇಜರ್ ಯಾವುದು’, ಅಂದರೆ ಡಿಗ್ರಿಯಲ್ಲಿ ಮುಖ್ಯವಾಗಿ ಓದುವ ವಿಷಯ ಯಾವುದು, ಅನ್ನುವ ಒಂದು ಕಾಲಂ ಇರುತ್ತದೆ. ಅಲ್ಲಿ ಬಂದು ನಿಂತುಬಿಟ್ಟಿದ್ದೇವೆ. ಮಗಳು ಅನಿಮಲ್ ಸೈನ್ಸ್ ಅನ್ನುತ್ತಾಳೆ. ನಮ್ಮ ಯಜಮಾನರು ಬಯಾಲಜಿ ಅನ್ನುತ್ತಾರೆ, ನಾಳೆ ಮನಸ್ಸು ಬದಲಾಗಿ ಮನುಷ್ಯರ ಡಾಕ್ಟರ್ ಆಗುತ್ತೇನೆ ಅಂದರೂ ನಡೆಯುತ್ತದೆ ಅಂತ. (ಅವರ ಆಸೆ ಏನು ಅಂತ ನಿಮಗೆ ಗೊತ್ತಾಯ್ತಲ್ಲ.) ಸ್ಕೂಲಿನ ಕೌನ್ಸೆಲರ್ ‘ಪ್ರೀ-ವೆಟ್ ಮೇಜರ್ ಇರುವ ಕಾಲೇಜನ್ನೇ ಹುಡುಕಿ’ ಅಂದರು. ಅತ್ತೆಯವರು ತಿಪಟೂರಿನಿಂದ ಫೋನಿನಲ್ಲಿ ‘ದನದ ಡಾಕ್ಟ್ರಾಗೋಕೆ ಅಮೆರಿಕಾ ತನಕ ಹೋಗ್ಬೇಕಿತ್ತಾ’ ಅಂತ ನಗುತ್ತಾರೆ.

ನನಗೆ ಗೊತ್ತಿರುವುದು ನಮ್ಮ ಕಡೆಯ ಲೆಕ್ಕ. ಪಿಯುಸಿ, ಸಿಇಟಿ, ಸೀಟು. ಇಲ್ಲಿ ಮೊದಲು ನಾಲ್ಕು ವರ್ಷ ಡಿಗ್ರಿ, ಆಮೇಲೆ ಇನ್ನೂ ನಾಲ್ಕು ವರ್ಷ ವೆಟ್ ಸ್ಕೂಲು. ಮೊದಲ ನಾಲ್ಕು ವರ್ಷದಲ್ಲಿ ತಪ್ಪು ವಿಷಯ ಹಿಡಿದರೆ ಬಾಗಿಲು ಮುಚ್ಚಿಹೋಗುತ್ತಾ? ಗೊತ್ತಿದ್ದವರು ಹೇಳಿ.

ಅಟ್ಲಾಂಟಾ_ಅಣ್ಣ

ಬಯಾಲಜಿ ಹಾಕಿಬಿಡಿ, ಕಣ್ಣುಮುಚ್ಚಿಕೊಂಡು. ಅನಿಮಲ್ ಸೈನ್ಸ್ ಅಂದರೆ ಹಂದಿ ಸಾಕುವುದು, ಕೋಳಿ ಸಾಕುವುದು. ವೆಟ್ ಸೀಟು ಸಿಗದಿದ್ದರೆ ಆಮೇಲೆ ಏನು ಮಾಡುತ್ತಾಳೆ?

ಎರಡನೇ_ವರ್ಷದ_ವೆಟ್

ಆಂಟಿ, ನಾನು ವೆಟ್ ಸ್ಕೂಲಿನಲ್ಲಿ ಎರಡನೇ ವರ್ಷ. ಏಳನೇ ಕ್ಲಾಸಿನ ತನಕ ಮೈಸೂರಲ್ಲಿ ಓದಿದ್ದು, ಬರೆಯುವಾಗ ಕನ್ನಡ ತಪ್ಪಾದರೆ ಬೈಯಬೇಡಿ.

ಮೊದಲು ಒಂದು ವಿಷಯ. ವೆಟ್ ಸ್ಕೂಲುಗಳು ಮೇಜರ್ ನೋಡಿ ಸೀಟು ಕೊಡುವುದಿಲ್ಲ. ನೋಡುವುದು ಪ್ರಿರಿಕ್ವಿಸಿಟ್, ಅಂದರೆ ಇಂತಿಂಥ ಕೋರ್ಸು ಮುಗಿಸಿರಲೇಬೇಕು ಅನ್ನುವ ಪಟ್ಟಿ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫಿಸಿಕ್ಸ್ ಸುಮಾರು ಎಲ್ಲ ಕಡೆ ಬೇಕು. ಜೆನೆಟಿಕ್ಸ್, ಸ್ಟ್ಯಾಟಿಸ್ಟಿಕ್ಸ್ ತುಂಬಾ ಕಡೆ ಕೇಳುತ್ತಾರೆ. ಆಮೇಲೆ ಒಂದೊಂದು ಸ್ಕೂಲಿಗೆ ಒಂದೊಂದು ಹಟ. ಒಂದು ಕಡೆ ಮೈಕ್ರೋಬಯಾಲಜಿ, ಇನ್ನೊಂದು ಕಡೆ ಫಿಸಿಯಾಲಜಿ, ಮತ್ತೊಂದು ಕಡೆ ಪ್ರಾಣಿಗಳ ಮೇವಿನ ಬಗ್ಗೆ ಒಂದು ಕೋರ್ಸು. ಇದನ್ನೆಲ್ಲ ಮುಗಿಸಿದ್ದರೆ ಮೇಜರ್ ಇತಿಹಾಸ ಆದರೂ ಆಗುತ್ತದೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಸಂಗೀತದ ಮೇಜರ್ ಇದ್ದಾನೆ. ಟ್ರಾಂಬೋನ್ ನುಡಿಸುತ್ತಾನೆ. ಅನಾಟಮಿಯಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ಅವನದು.

ಈಗ ನಾನು ಮಾಡಿದ ತಪ್ಪು. ನಮ್ಮ ದೊಡ್ಡಪ್ಪ ‘ಕಷ್ಟದ ಮೇಜರ್ ತಗೊಂಡರೆ ಬೆಲೆ ಜಾಸ್ತಿ’ ಅಂದರು. ಬಯೋಕೆಮಿಸ್ಟ್ರಿ ಮೇಜರ್ ತಗೊಂಡೆ. ಆ ಮೇಜರ್‌ಗೆ ಫಿಸಿಕಲ್ ಕೆಮಿಸ್ಟ್ರಿ ಕಡ್ಡಾಯ. ನಾನು ಅರ್ಜಿ ಹಾಕಿದ ಒಂದು ವೆಟ್ ಸ್ಕೂಲೂ ಅದನ್ನು ಕೇಳಿರಲಿಲ್ಲ! ಅದರಲ್ಲಿ ಸಿ. ಅದೇ ಸೆಮಿಸ್ಟರಿನಲ್ಲಿ ಎರಡನೇ ಆರ್ಗ್ಯಾನಿಕ್, ಅದರಲ್ಲೂ ಸಿ. ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.3ಕ್ಕೆ ಬಂತು. ಸೀಟು ಸಿಗುವವರದು ಸಾಮಾನ್ಯವಾಗಿ 3.6ರ ಆಸುಪಾಸು ಇರುತ್ತದೆ. ಮೊದಲ ಸಲ ಅರ್ಜಿ ಹಾಕಿದಾಗ ಎಲ್ಲ ಕಡೆಯಿಂದಲೂ ‘ವಿಷಾದಿಸುತ್ತೇವೆ’. ಒಂದು ವರ್ಷ ನಾಯಿ-ಬೆಕ್ಕಿನ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಕೆಲಸ ಮಾಡಿದೆ. ಆರ್ಗ್ಯಾನಿಕ್ ಮತ್ತೆ ಬರೆದೆ. ಎರಡನೇ ಸಲ ಸಿಕ್ಕಿತು.

ಅದಕ್ಕೆ ಹೇಳುವುದು, ತಂಗಿಗೆ ಯಾವ ವಿಷಯ ಓದಿದರೆ ಬೆಳಿಗ್ಗೆ ಎಂಟು ಗಂಟೆಯ ಕ್ಲಾಸಿಗೂ ಎದ್ದು ಹೋಗಬೇಕು ಅನಿಸುತ್ತದೋ ಅದನ್ನು ತಗೊಳ್ಳಲಿ. ಅಲ್ಲೇ ಮಾರ್ಕ್ಸ್ ಬರುವುದು.

ತಿಪಟೂರು_ಟು_ಕೊಲಂಬಸ್

ಥ್ಯಾಂಕ್ಸ್ ಕಣಮ್ಮಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಪ್ರೀ-ವೆಟ್ ಅಂತ ಕೌನ್ಸೆಲರ್ ಹೇಳಿದ್ದು ಏನು? ಅದು ಮೇಜರ್ ಅಲ್ವಾ?

ಹೆಬ್ಬಾಳದ_ಹಳೆ_ಹುಲಿ

ಆ ಹುಡುಗಿ ಹೇಳಿದ್ದು ಅಪ್ಪಟ ಸತ್ಯ. ನಾನು ಬೆಂಗಳೂರಿನ ಹೆಬ್ಬಾಳದಲ್ಲಿ ಬಿವಿಎಸ್ಸಿ (ನಮ್ಮ ಕಡೆಯ ಪಶುವೈದ್ಯ ಡಿಗ್ರಿ) ಮಾಡಿ ಇಲ್ಲಿಗೆ ಬಂದವನು. ವಿಸ್ಕಾನ್ಸಿನ್‌ನಲ್ಲಿ ಹಾಲಿನ ಹಸುಗಳ ಪ್ರಾಕ್ಟೀಸು.

ಪ್ರೀ-ವೆಟ್ ಅನ್ನುವುದು ಹೆಚ್ಚಿನ ಕಡೆ ಮೇಜರ್ ಅಲ್ಲ ತಾಯಿ, ಒಂದು ಹಣೆಪಟ್ಟಿ. ಹೆಸರು ಬರೆಸಿದರೆ ಒಬ್ಬ ಸಲಹೆಗಾರರು ಸಿಗುತ್ತಾರೆ, ಯಾವ ಕೋರ್ಸು ಯಾವಾಗ ಅಂತ ಹೇಳುತ್ತಾರೆ, ಒಂದು ಕ್ಲಬ್ಬು ಇರುತ್ತದೆ. ಕೆಲವು ಕಾಲೇಜಿನಲ್ಲಿ ಅದೇ ಹೆಸರಿನ ಡಿಗ್ರಿಯೂ ಇದೆ, ಇಲ್ಲ ಅಂತಲ್ಲ. ಆದರೆ ಆ ಹೆಸರಿದೆ ಅಂತ ಕಾಲೇಜು ಆರಿಸುವುದು ಬೋರ್ಡು ನೋಡಿ ಊಟಕ್ಕೆ ಹೋದ ಹಾಗೆ. ಒಳಗೆ ಅಡಿಗೆ ಮಾಡುವವರು ಯಾರು ಅಂತ ನೋಡಿ.

ಹೈಸ್ಕೂಲಿನಲ್ಲೇ ಅರ್ಜಿ ಹಾಕಿ ವೆಟ್ ಸೀಟು ಮೊದಲೇ ಕಾದಿರಿಸುವ ದಾರಿಯೂ ಕೆಲವು ಕಡೆ ಇದೆ. ಮಿಸಿಸಿಪ್ಪಿ ಸ್ಟೇಟ್, ಕಾನ್ಸಾಸ್ ಸ್ಟೇಟ್ ಎರಡರಲ್ಲೂ ಅಂಥದ್ದು ಉಂಟು. ಡಿಗ್ರಿಯಲ್ಲಿ ಅವರು ಹೇಳಿದಷ್ಟು ಮಾರ್ಕ್ಸ್ ಉಳಿಸಿಕೊಂಡರೆ ಸೀಟು ಖಾತ್ರಿ. ಈಗಲೇ ನೋಡಿ, ಕಾಲೇಜು ಸೇರಿದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

ಅಟ್ಲಾಂಟಾದವರು ಹಂದಿ ಕೋಳಿ ಅಂತ ಮೂಗು ಮುರಿದಿದ್ದಾರೆ. ಸ್ವಾಮಿ, ಅನಿಮಲ್ ಸೈನ್ಸಿನಲ್ಲಿ ಸಿಗುವ ದೊಡ್ಡ ಲಾಭವೇ ಅದು. ಪೇಟೆಯಲ್ಲಿ ಬೆಳೆದ ಮಕ್ಕಳು ಕುರಿ ಹಿಡಿಯಲು ಎಲ್ಲಿ ಕಲಿಯುತ್ತಾರೆ? ನನ್ನ ಜೊತೆ ಬೇಸಿಗೆಯಲ್ಲಿ ಸುತ್ತಲು ಬರುವ ಹುಡುಗರನ್ನು ನೋಡಿದ್ದೇನೆ. ಅನಿಮಲ್ ಸೈನ್ಸ್ ಓದಿದವರು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಹಸುವಿನ ಹಿಂದಿನಿಂದ ಸುಮ್ನೆ ಬರುವುದಿಲ್ಲ. ಮೊದಲು ದನಿ ಮಾಡುತ್ತಾರೆ, ಮೈಮೇಲೆ ಕೈ ಇಡುತ್ತಾರೆ, ಆಮೇಲೆ ಪಕ್ಕಕ್ಕೆ ಬರುತ್ತಾರೆ. ಬಯಾಲಜಿಯವರು ಬುದ್ಧಿವಂತರು, ಆದರೆ ಮೊದಲ ವಾರ ಒದೆ ತಿನ್ನುತ್ತಾರೆ.

ಹಾಗಂತ ಬಯಾಲಜಿ ಬೇಡ ಅನ್ನುವುದಿಲ್ಲ. ಒದೆ ತಿಂದೂ ಕಲಿಯಬಹುದು.

ಅಟ್ಲಾಂಟಾ_ಅಣ್ಣ

ಹ್ಹಹ್ಹ, ಒಪ್ಪಿಕೊಂಡೆ ಸರ್. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸೀಟು ಸಿಗದಿದ್ದರೆ?

ನೆಬ್ರಾಸ್ಕಾ_ನಳಪಾಕ

ನಾನು ಕೊಡುತ್ತೇನೆ. ನನ್ನ ಮಗ ವೆಟ್ ಆಗುತ್ತೇನೆ ಅಂತಲೇ ಅನಿಮಲ್ ಸೈನ್ಸ್ ಸೇರಿದ. ಎರಡನೇ ವರ್ಷ ಒಂದು ಕ್ಲಿನಿಕ್ಕಿಗೆ ಹೋಗಿ ನಿಂತ. ಆಪರೇಷನ್ ನೋಡಿದ, ಅದೇನೂ ತೊಂದರೆ ಆಗಲಿಲ್ಲ. ಒಂದು ಸಂಜೆ ಒಬ್ಬ ಮುದುಕರು ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಕೊನೆಯ ಇಂಜೆಕ್ಷನ್‌ಗೆ ಕರೆದುಕೊಂಡು ಬಂದರಂತೆ. ಆದಮೇಲೆ ಅವರು ಕುತ್ತಿಗೆಯ ಬೆಲ್ಟ್ ಬಿಚ್ಚಿಕೊಂಡು, ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕೌಂಟರಿನಲ್ಲಿ ಬಿಲ್ ಕೊಟ್ಟು ಹೋದರಂತೆ. ಮಗ ಮನೆಗೆ ಬಂದು ಊಟ ಮಾಡಲಿಲ್ಲ. ‘ಅಮ್ಮಾ, ವಾರಕ್ಕೆ ಎರಡು ಮೂರು ಸಲ ಇದು ನನ್ನ ಕೈಲಿ ಆಗಲ್ಲ’ ಅಂದ.

ಮೇಜರ್ ಬದಲಾಯಿಸಲಿಲ್ಲ. ಅದರಲ್ಲೇ ಮೇವು, ಪೋಷಣೆ ಕಡೆ ಹೋದ. ಈಗ ಹಸುಗಳ ಆಹಾರ ತಯಾರಿಸುವ ಕಂಪನಿಯಲ್ಲಿ ಇದ್ದಾನೆ. ಯಾವ ಡೇರಿಗೆ ಎಷ್ಟು ಜೋಳ, ಎಷ್ಟು ಹುಲ್ಲು, ಎಷ್ಟು ಹಿಂಡಿ ಅಂತ ಲೆಕ್ಕ ಹಾಕಿ ಕೊಡುವ ಕೆಲಸ. ಸಂಬಳ ಚೆನ್ನಾಗಿದೆ, ರಾತ್ರಿ ಫೋನ್ ಬರುವುದಿಲ್ಲ. ಬಯಾಲಜಿ ಡಿಗ್ರಿ ಒಂದೇ ಹಿಡಿದುಕೊಂಡ ಅವನ ಗೆಳೆಯರು ಮುಂದೆ ಏನು ಅಂತ ಅವನಿಗಿಂತ ಜಾಸ್ತಿ ತಡಕಾಡಿದರು. ಎಲ್ಲರ ಕಥೆಯೂ ಹೀಗೇ ಅಂತ ಹೇಳುತ್ತಿಲ್ಲ. ನಮ್ಮ ಮನೆಯದು ಹೀಗಾಯಿತು.

ಎರಡನೇ_ವರ್ಷದ_ವೆಟ್

ಆ ಬೆಲ್ಟಿನ ವಿಷಯ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಾನೂ ಅಂಥದ್ದು ನೋಡಿದ್ದೇನೆ. ಇದು ಡಿಗ್ರಿ ಸೇರುವ ಮೊದಲೇ ನೋಡಬೇಕಾದದ್ದು, ನಾಲ್ಕು ವರ್ಷ ಆದಮೇಲೆ ಅಲ್ಲ.

ಲೆಕ್ಕದ_ಮಾವ

ಎಲ್ಲರೂ ವಿಷಯ ಮಾತಾಡಿದಿರಿ, ಒಬ್ಬರೂ ದುಡ್ಡು ಮಾತಾಡಲಿಲ್ಲ. ನಾನು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವೆಟ್ ಸ್ಕೂಲು ನಾಲ್ಕು ವರ್ಷಕ್ಕೆ ಫೀಸು, ಊಟ, ಬಾಡಿಗೆ ಸೇರಿ 2 ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಬೇರೆ ರಾಜ್ಯದ ಸ್ಕೂಲಾದರೆ ಇನ್ನೂ ಮೇಲೆ. ಇಷ್ಟು ದಿನ ಗ್ರಾಡ್ ಪ್ಲಸ್ ಅನ್ನುವ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಇತ್ತು, ಖರ್ಚು ಎಷ್ಟಾದರೂ ಅಷ್ಟೂ ಕೊಡುತ್ತಿದ್ದರು. 2025ರ ಕಾನೂನಿನಲ್ಲಿ ಅದನ್ನು ತೆಗೆದರು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರಾಡ್ ಪ್ಲಸ್ ಇಲ್ಲ. ವೆಟ್ ಥರದ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಕೈಯಿಂದ ಹಾಕಬೇಕು, ಇಲ್ಲವೇ ಖಾಸಗಿ ಬ್ಯಾಂಕಿನ ಸಾಲ.

ಈಗ ನಿಮ್ಮ ಮೇಜರ್ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಅಂದರೆ, ಮೊದಲ ನಾಲ್ಕು ವರ್ಷ ಅಗ್ಗದಲ್ಲಿ ಮುಗಿಸಿ. ಹೆಸರು ದೊಡ್ಡದು ಅಂತ ವರ್ಷಕ್ಕೆ 80,000 ಡಾಲರಿನ ಖಾಸಗಿ ಕಾಲೇಜಿಗೆ ಹಾಕಿ, ಅಲ್ಲೇ ಉಳಿತಾಯ ಖಾಲಿ ಮಾಡಿಕೊಂಡರೆ ವೆಟ್ ಸ್ಕೂಲಿಗೆ ಏನು ಉಳಿಯುತ್ತದೆ? ನೀವು ಓಹಾಯೋದವರು. ಓಹಾಯೋ ಸ್ಟೇಟಿನಲ್ಲಿ ಅನಿಮಲ್ ಸೈನ್ಸೂ ಇದೆ, ಬಯಾಲಜಿಯೂ ಇದೆ, ಅದೇ ಕ್ಯಾಂಪಸ್ಸಿನಲ್ಲಿ ವೆಟ್ ಸ್ಕೂಲೂ ಇದೆ. ಮನೆಯಿಂದ ತಿಂಡಿ ಡಬ್ಬಿ ತಗೊಂಡು ಹೋಗಬಹುದು.

ಇನ್ನೊಂದು. ಮಗಳ ವೀಸಾ ಸ್ಟೇಟಸ್ ಏನು?

ತಿಪಟೂರು_ಟು_ಕೊಲಂಬಸ್

ಹುಟ್ಟಿದ್ದು ಕ್ಲೀವ್‌ಲ್ಯಾಂಡಿನಲ್ಲೇ ಸರ್. ಸಿಟಿಜನ್. ಯಾಕೆ ಕೇಳಿದಿರಿ?

ಲೆಕ್ಕದ_ಮಾವ

ಹಾಗಾದರೆ ಆ ತಲೆನೋವು ನಿಮಗಿಲ್ಲ. ಎಚ್-4ನಲ್ಲಿ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ ಇರುವ ಮಕ್ಕಳಿಗೆ ಫೆಡರಲ್ ಸಾಲ ಸಿಗುವುದಿಲ್ಲ. 21 ವರ್ಷ ತುಂಬಿದರೆ ಎಚ್-4 ಮುಗಿಯುತ್ತದೆ, ಬೇರೆ ವೀಸಾಕ್ಕೆ ಹೋಗಬೇಕು. ಅದು ಸರಿಯಾಗಿ ಡಿಗ್ರಿ ಮೂರನೇ ನಾಲ್ಕನೇ ವರ್ಷದಲ್ಲಿ ಬಂದು ವಕ್ಕರಿಸುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದ ವೆಟ್ ಸ್ಕೂಲುಗಳೂ ಇವೆ. ನಮ್ಮವರಲ್ಲಿ ಎಷ್ಟೋ ಮನೆಗಳ ಪರಿಸ್ಥಿತಿ ಇದು. ಗ್ರೀನ್ ಕಾರ್ಡ್ ಸಾಲಿನಲ್ಲಿ ಅಪ್ಪ ನಿಂತಿರುತ್ತಾನೆ, ಮಕ್ಕಳ ವಯಸ್ಸು ನಿಲ್ಲುವುದಿಲ್ಲ.

ಸುಮ್ನೆ_ಓದುವವಳು

ಇಷ್ಟು ದಿನ ಬರೀ ಓದುತ್ತಿದ್ದೆ. ನಮ್ಮ ಮಗನದು ಎಚ್-4. ಹತ್ತನೇ ಕ್ಲಾಸು. ಅವನಿಗೂ ಇದೇ ಆಸೆ. ಇಂಡಿಯಾದಲ್ಲಿ ಓದಿಸಿದರೆ ಹೇಗೆ? ಯಾರಾದರೂ ಹೇಳುತ್ತೀರಾ?

ಹಾಸನ_ಸೀಮೆ_ಪಶುವೈದ್ಯ

ಮೇಡಂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹೋಬಳಿಯ ಪಶು ಆಸ್ಪತ್ರೆಯಲ್ಲಿ ಇದ್ದೇನೆ. ನಿಮ್ಮ ಮೇಜರ್ ಗಲಾಟೆ ಓದುತ್ತಾ ನಗು ಬಂತು. ನಮ್ಮಲ್ಲಿ ಈ ತಲೆನೋವೇ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದ್ದರೆ ನೇರ ಬಿವಿಎಸ್ಸಿ. ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಇಲ್ಲೆಲ್ಲ ಸರ್ಕಾರಿ ಕಾಲೇಜುಗಳಿವೆ. ವಿಶ್ವವಿದ್ಯಾಲಯದ ಕೇಂದ್ರ ಬೀದರ್. ಹದಿನೆಂಟಕ್ಕೆ ಸೇರಿದರೆ ಇಪ್ಪತ್ನಾಲ್ಕು ತುಂಬುವಷ್ಟರಲ್ಲಿ ಡಾಕ್ಟ್ರು. ಖರ್ಚು ನಿಮ್ಮ ಲೆಕ್ಕದಲ್ಲಿ ಏನೂ ಅಲ್ಲ.

ಆದರೆ ನಮ್ಮ ಮಕ್ಕಳು ಹದಿನಾರು ಹದಿನೇಳಕ್ಕೇ ತೀರ್ಮಾನ ಮಾಡಬೇಕು. ಎಷ್ಟೋ ಜನ ಎಂಬಿಬಿಎಸ್ ಸೀಟು ಸಿಗದೆ ಇಲ್ಲಿಗೆ ಬರುತ್ತಾರೆ. ಮೊದಲ ವರ್ಷ ಮುಖ ಸಣ್ಣಗೆ ಮಾಡಿಕೊಂಡು ಕೂತಿರುತ್ತಾರೆ. ಕೆಲವರಿಗೆ ಆಮೇಲೆ ಇಷ್ಟ ಬರುತ್ತದೆ. ನನಗೆ ಬಂತು. ನಾನೂ ಹಾಗೇ ಬಂದವನು, ಮುಚ್ಚಿಡುವುದೇನಿಲ್ಲ.

ಕೆಲಸ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಬೆಳಿಗ್ಗೆ ಆರಕ್ಕೆ ಲಸಿಕೆಯ ಐಸ್ ಬಾಕ್ಸ್ ಬೈಕಿಗೆ ಕಟ್ಟಿಕೊಂಡು ಹೊರಟರೆ ಕತ್ತಲಾದ ಮೇಲೆ ವಾಪಸ್. ಒಂದು ಮನೆಯಲ್ಲಿ ಅಜ್ಜಿ ಹಸುವಿನ ಗಂಟುಗಳಿಗೆ ಅರಿಶಿನ, ಬೇವು ಅರೆದು ಹಚ್ಚಿ, ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದರು. ಇನ್ಸೂರೆನ್ಸ್ ಇರಲಿಲ್ಲ. ಆ ಹಸುವಿನ ಹಾಲಿನ ದುಡ್ಡಿನಲ್ಲೇ ಮೊಮ್ಮಗಳ ಕಾಲೇಜು ಫೀಸು. ಉಳಿಯಿತು, ಆದರೆ ಹಾಲು ಅರ್ಧಕ್ಕೆ ಇಳಿಯಿತು.

ಹೆಬ್ಬಾಳದ_ಹಳೆ_ಹುಲಿ

ಹಾಸನದವರಿಗೆ ನಮಸ್ಕಾರ ಗುರುಗಳೇ. ಅಲ್ಲಿ ಓದಿದರೆ ಅಗ್ಗ, ನಿಜ. ಆದರೆ ಮಗು ವಾಪಸ್ ಅಮೆರಿಕಕ್ಕೆ ಬಂದು ಪ್ರಾಕ್ಟೀಸ್ ಮಾಡಬೇಕು ಅಂದರೆ ನಾನು ದಾಟಿದ ಹೊಳೆ ಅವನೂ ದಾಟಬೇಕು. ಅದನ್ನು ಹೇಳದೆ ಬಿಡುವುದು ಸರಿಯಲ್ಲ.

ಇಂಡಿಯಾದ ಯಾವ ಪಶುವೈದ್ಯ ಕಾಲೇಜಿಗೂ ಇಲ್ಲಿನ ಎವಿಎಂಎ (ಅಮೆರಿಕದ ಪಶುವೈದ್ಯರ ಸಂಘ) ಮಾನ್ಯತೆ ಇಲ್ಲ. ಅದಕ್ಕೇ ಇಸಿಎಫ್‌ವಿಜಿ ಅಂತ ಒಂದು ದಾರಿ ಇಟ್ಟಿದ್ದಾರೆ. ಮೊದಲು ಡಿಗ್ರಿಯ ದಾಖಲೆ, ಆಮೇಲೆ ಇಂಗ್ಲಿಷ್ ಪರೀಕ್ಷೆ, ಆಮೇಲೆ ಬರೆಯುವ ಪರೀಕ್ಷೆ, ಕೊನೆಗೆ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಆ ಕೊನೆಯದೇ ಹೊಳೆಯ ಸುಳಿ. ದಿನಗಟ್ಟಲೆ ನಡೆಯುತ್ತದೆ. ನಾಯಿಗೆ ಅರಿವಳಿಕೆ ಕೊಟ್ಟು ಆಪರೇಷನ್, ಕುದುರೆ, ಹಸು, ಎಕ್ಸ್‌ರೇ, ಸತ್ತ ಪ್ರಾಣಿ ಕೊಯ್ದು ಪರೀಕ್ಷೆ, ಎಲ್ಲ. ಹೆಬ್ಬಾಳದಲ್ಲಿ ಎಮ್ಮೆಯ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿದವನು ನಾನು. ಆದರೆ ಕುದುರೆಯ ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದು ಎಷ್ಟು ಸಲ? ಲೆಕ್ಕಕ್ಕೆ ಒಂದು ಕೈಬೆರಳು ಸಾಕು. ಎರಡನೇ ಪ್ರಯತ್ನದಲ್ಲಿ ಪಾಸಾದೆ. ಅಷ್ಟರಲ್ಲಿ ಮೂರು ವರ್ಷ ಹೋಯಿತು. ಆ ಮೂರು ವರ್ಷ ನಾಯಿಗಳ ಬೋರ್ಡಿಂಗಿನಲ್ಲಿ ಗೂಡು ತೊಳೆಯುತ್ತಿದ್ದೆ. ಹೆಂಡತಿ ಊರಿಗೆ ಫೋನ್ ಮಾಡಿದಾಗ ‘ಆಸ್ಪತ್ರೆಯಲ್ಲಿ ಇದ್ದಾರೆ’ ಅನ್ನುತ್ತಿದ್ದಳು. ಸುಳ್ಳೇನಲ್ಲ, ಬೋರ್ಡಿಂಗು ಆಸ್ಪತ್ರೆಯ ಹಿಂದುಗಡೆಯೇ ಇತ್ತು.

ಇದೆಲ್ಲ ಆದಮೇಲೆ ಇಲ್ಲಿ ಓದಿದವರು ಬರೆಯುವ ಲೈಸೆನ್ಸ್ ಪರೀಕ್ಷೆ ನಾವ್ಲಿ, ಅದನ್ನೂ ಬರೆಯಬೇಕು.

ಸುಮ್ನೆ_ಓದುವವಳು

ಇಬ್ಬರಿಗೂ ಧನ್ಯವಾದ. ಮನೆಯವರಿಗೆ ಓದಿಸುತ್ತೇನೆ. ಕಣ್ಣು ಒದ್ದೆ ಆಯಿತು ಸರ್.

ಅಟ್ಲಾಂಟಾ_ಅಣ್ಣ

ನಡುವೆ ಒಂದು ದಡ್ಡ ಪ್ರಶ್ನೆ. ನಮ್ಮ ಬೆಕ್ಕಿನ ಡಾಕ್ಟರ್ ಹೆಸರಿನ ಮುಂದೆ ಡಿವಿಎಂ ಇಲ್ಲ, ವಿಎಂಡಿ ಅಂತ ಇದೆ. ಅದು ಬೇರೆ ಕೋರ್ಸಾ? ಮೋಸ ಹೋದೆನಾ?

ಎರಡನೇ_ವರ್ಷದ_ವೆಟ್

ಇಲ್ಲ ಅಂಕಲ್ 😄 ಎರಡೂ ಒಂದೇ, ವೆಟ್ ಸ್ಕೂಲು ಮುಗಿಸಿದರೆ ಸಿಗುವ ಡಿಗ್ರಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಲ್ಯಾಟಿನ್ ಕ್ರಮದಲ್ಲಿ ಬರೆಯುತ್ತಾರೆ, ಅಷ್ಟೇ.

ಆಂಟಿ, ನಿಮ್ಮ ಮೊದಲ ಪ್ರಶ್ನೆ ಬಾಗಿಲು ಮುಚ್ಚುತ್ತಾ ಅಂತ ಇತ್ತಲ್ಲ. ಮೇಜರ್‌ನಿಂದ ಮುಚ್ಚುವುದಿಲ್ಲ, ಕ್ಯಾಲೆಂಡರಿನಿಂದ ಮುಚ್ಚಬಹುದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ತಗೊಳ್ಳಲು ಬಿಡುವುದಿಲ್ಲ. ಆರ್ಗ್ಯಾನಿಕ್ ಮುಗಿಯದೆ ಬಯೋಕೆಮಿಸ್ಟ್ರಿ ಇಲ್ಲ. ಹಾಗಾಗಿ ಒಂದನೇ ವರ್ಷ ಜನರಲ್, ಎರಡನೇ ವರ್ಷ ಆರ್ಗ್ಯಾನಿಕ್, ಮೂರನೇ ವರ್ಷ ಬಯೋಕೆಮಿಸ್ಟ್ರಿ. ಈಗ ವೆಟ್ ಸ್ಕೂಲಿನ ಅರ್ಜಿ ನೋಡಿ. ಹೆಚ್ಚಿನ ಸ್ಕೂಲುಗಳಿಗೆ ವಿಎಂಕ್ಯಾಸ್ ಅನ್ನುವ ಒಂದೇ ಅರ್ಜಿ. ಜನವರಿಯಲ್ಲಿ ತೆರೆಯುತ್ತದೆ, ಸೆಪ್ಟೆಂಬರ್ ಮಧ್ಯಕ್ಕೆ ಮುಚ್ಚುತ್ತದೆ, ಸೇರುವುದು ಮುಂದಿನ ವರ್ಷದ ಆಗಸ್ಟಿಗೆ. ಟೆಕ್ಸಾಸಿನವರಿಗೆ ಅವರದೇ ಬೇರೆ ವ್ಯವಸ್ಥೆ ಇದೆ. ಅಂದರೆ ಡಿಗ್ರಿ ಮುಗಿದ ಕೂಡಲೇ ಸೇರಬೇಕಾದರೆ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲೇ ಅರ್ಜಿ ಹೋಗಬೇಕು. ಅಷ್ಟರಲ್ಲಿ ಪಟ್ಟಿಯ ಹೆಚ್ಚಿನದು ಮುಗಿದಿರಬೇಕು. ಎರಡನೇ ವರ್ಷ ಎಚ್ಚರ ಆಗಿ ಕೆಮಿಸ್ಟ್ರಿ ಶುರು ಮಾಡಿದರೆ ಒಂದು ವರ್ಷ ಹಿಂದೆ ಬೀಳುತ್ತಾಳೆ. ಅನಿಮಲ್ ಸೈನ್ಸಿನಲ್ಲೂ ಇಲ್ಲಿ ಹುಷಾರು. ಅದರಲ್ಲಿ ಪ್ರೀ-ವೆಟ್ ಮಕ್ಕಳಿಗೆ ಒಂದು ದಾರಿ, ಡೇರಿ ಫಾರಂ ವ್ಯಾಪಾರ ನೋಡಿಕೊಳ್ಳುವವರಿಗೆ ಇನ್ನೊಂದು ದಾರಿ ಇರುತ್ತದೆ. ಎರಡನೆಯದರಲ್ಲಿ ಆರ್ಗ್ಯಾನಿಕ್ ಇಲ್ಲದೆಯೇ ಡಿಗ್ರಿ ಮುಗಿದುಹೋಗಬಹುದು. ಸೇರುವಾಗ ‘ಸೈನ್ಸ್ ದಾರಿ’ ಅಂತ ಕೇಳಿ ಬರೆಸಿಕೊಳ್ಳಲಿ.

ಹೈಸ್ಕೂಲಿನ ಎಪಿ ಕೋರ್ಸುಗಳ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ವಿಷಯ. ಎಪಿ ಬಯಾಲಜಿಯಲ್ಲಿ 5ಕ್ಕೆ 5 ಬಂದಿದೆ ಅಂತ ಕಾಲೇಜಿನ ಬಯಾಲಜಿ ಬಿಟ್ಟುಬಿಡುವುದು ಬೇಡ. ಕೆಲವು ವೆಟ್ ಸ್ಕೂಲುಗಳು ಎಪಿ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಕೆಲವು ಅದರ ಮೇಲಿನ ಕೋರ್ಸು ಮಾಡಿ ತೋರಿಸು ಅನ್ನುತ್ತವೆ.

ನಾನು ಮೊದಲ ಸಲ ಮಾಡದೆ ಎರಡನೇ ಸಲ ಮಾಡಿದ್ದು ಇದು. ಒಂದು ಎಕ್ಸೆಲ್ ಶೀಟು. ಅಡ್ಡಕ್ಕೆ ಆರು ವೆಟ್ ಸ್ಕೂಲು, ಉದ್ದಕ್ಕೆ ಕೋರ್ಸುಗಳು. ಯಾವ ಸ್ಕೂಲು ಏನು ಕೇಳುತ್ತದೆ ಅಂತ ಅವರ ವೆಬ್‌ಸೈಟಿನಿಂದಲೇ ತುಂಬಿದೆ. ಎಲ್ಲ ಕಡೆಯೂ ಗುರುತು ಬಿದ್ದ ಸಾಲುಗಳು ಮೊದಲು, ಒಂದೇ ಕಡೆ ಬಿದ್ದವು ಕೊನೆಗೆ. ತಂಗಿ ಬೇಕಾದರೆ ನನ್ನ ಶೀಟು ಕಳಿಸುತ್ತೇನೆ, ಆದರೆ ಪ್ರತಿ ವರ್ಷ ಬದಲಾಗುತ್ತದೆ, ಅವಳೇ ಮತ್ತೆ ನೋಡಿಕೊಳ್ಳಬೇಕು.

ತಿಪಟೂರು_ಟು_ಕೊಲಂಬಸ್

ಖಂಡಿತ ಕಳಿಸಮ್ಮ, ಮೆಸೇಜ್ ಹಾಕುತ್ತೇನೆ. ಇನ್ನೊಂದು ಡೌಟು. ಅನುಭವದ ಗಂಟೆ ಲೆಕ್ಕ ಕೇಳುತ್ತಾರಂತಲ್ಲ. ಅವಳು ಎರಡು ವರ್ಷದಿಂದ ಶನಿವಾರ ನಾಯಿಗಳ ಶೆಲ್ಟರಿನಲ್ಲಿ ಕೆಲಸ ಮಾಡುತ್ತಾಳೆ. ಅದು ಸಾಕಾ?

ಹೆಬ್ಬಾಳದ_ಹಳೆ_ಹುಲಿ

ಅದು ಸೇರುತ್ತದೆ, ಆದರೆ ಬೇರೆ ಡಬ್ಬಿಗೆ. ಅರ್ಜಿಯಲ್ಲಿ ಎರಡು ಡಬ್ಬಿ. ವೆಟ್ ಒಬ್ಬರ ಕಣ್ಣಳತೆಯಲ್ಲಿ ಮಾಡಿದ್ದು ಪಶುವೈದ್ಯಕೀಯ ಅನುಭವ. ವೆಟ್ ಇಲ್ಲದೆ ಶೆಲ್ಟರಿನಲ್ಲಿ ನಾಯಿ ತಿರುಗಿಸಿದ್ದು, ಫಾರಂನಲ್ಲಿ ಕುರಿ ನೋಡಿಕೊಂಡದ್ದು ಪ್ರಾಣಿ ಅನುಭವ. ಲ್ಯಾಬಿನ ಸಂಶೋಧನೆ ಮಾಡಿದ್ದರೆ ಅದಕ್ಕೂ ಜಾಗ ಇದೆ. ಮೊದಲನೆಯದು ಇಲ್ಲದೆ ಬರೀ ಎರಡನೆಯದರಲ್ಲಿ ಸಾವಿರ ಗಂಟೆ ಇದ್ದರೆ ಕಷ್ಟ. ನಾಯಿ-ಬೆಕ್ಕು ಒಂದೇ ಅಲ್ಲದೆ ಹಸು, ಕುದುರೆ, ಝೂ, ಏನಾದರೂ ಇನ್ನೊಂದು ಇರಲಿ.

ಶಿಫಾರಸು ಪತ್ರವನ್ನೂ ಒಬ್ಬ ವೆಟ್ ಬರೆಯಬೇಕಾಗುತ್ತದೆ. ಹುಡುಗಿಯನ್ನು ಎರಡು ದಿನ ನೋಡಿದ ವೆಟ್ ಏನು ಬರೆಯುತ್ತಾನೆ? ಒಬ್ಬರ ಹತ್ತಿರ ಗಟ್ಟಿಯಾಗಿ ಅಂಟಿಕೊಳ್ಳಲಿ.

ಮೇಜರ್ ಕಾಲಂ ತುಂಬುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಊರಿನ ಸುತ್ತ ಡೇರಿ ಫಾರಂಗಳು ಬೇಕಾದಷ್ಟಿವೆ. ದೊಡ್ಡ ಪ್ರಾಣಿಗಳ ವೆಟ್ ಒಬ್ಬರನ್ನು ಹಿಡಿದು, ಒಂದು ದಿನ ಜೊತೆಗೆ ಬರುತ್ತಾಳೆ ಅಂತ ಕೇಳಿ. ಇಲ್ಲ ಅನ್ನುವವರು ಕಮ್ಮಿ. ಹಳ್ಳಿ ಕಡೆಗೆ ವೆಟ್‌ಗಳೇ ಸಿಗುತ್ತಿಲ್ಲ. ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡುವವರ ಓದಿನ ಸಾಲದಲ್ಲಿ ಒಂದು ಭಾಗವನ್ನು ಕೃಷಿ ಇಲಾಖೆಯೇ ತೀರಿಸಿಕೊಡುವ ಯೋಜನೆ ಇದೆ. ಲೆಕ್ಕದ ಮಾವ ಇದನ್ನು ಬಿಟ್ಟುಬಿಟ್ಟಿದ್ದಾರೆ.

ಲೆಕ್ಕದ_ಮಾವ

ಬಿಟ್ಟಿರಲಿಲ್ಲ, ಮರೆತಿದ್ದೆ. ಎರಡಕ್ಕೂ ವ್ಯತ್ಯಾಸ ಇದೆ 🙏 ಎಲ್ಲ ಅರ್ಜಿದಾರರಿಗೂ ಸಿಗುವುದಿಲ್ಲ, ಅದನ್ನು ನಂಬಿ ಸಾಲ ಮಾಡಬೇಡಿ.

ತಿಪಟೂರು_ಟು_ಕೊಲಂಬಸ್

(ಮೂರು ವಾರದ ನಂತರ)

ಎಲ್ಲರೂ ಏನಾಯಿತು ಅಂತ ಮೆಸೇಜ್ ಮಾಡಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಒಬ್ಬ ವೆಟ್ ಒಪ್ಪಿಕೊಂಡರು. ಕಳೆದ ಶನಿವಾರ ಬೆಳಿಗ್ಗೆ ಐದಕ್ಕೆ ಹೊರಡಬೇಕಿತ್ತು. ಮಗಳಿಗೆ ಆ ರಸ್ತೆಯಲ್ಲಿ ಕತ್ತಲಲ್ಲಿ ಓಡಿಸುವುದು ಬೇಡ ಅಂತ ನಮ್ಮ ಯಜಮಾನರೇ ಕಾರು ತೆಗೆದರು. ಮುಖ ಊದಿಸಿಕೊಂಡೇ. ನಾನು ಕಾರಿನಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತೇನೆ ಅಂತ ಲ್ಯಾಪ್‌ಟಾಪ್ ಬೇರೆ ತಗೊಂಡು ಹೋಗಿದ್ದರು.

ಅಲ್ಲಿ ರಾತ್ರಿ ಒಂದು ಹಸು ಈದಿತ್ತಂತೆ. ವೆಟ್ ನೋಡುತ್ತಿದ್ದಾರೆ, ಮಗಳು ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದಾಳೆ. ಇವರು ಚಳಿ ತಡೆಯದೆ ಕಾಫಿ ಕೇಳಲು ಒಳಗೆ ಹೋಗಿದ್ದಾರೆ. ಹಸುವನ್ನು ನೋಡಿದ ಕೂಡಲೇ ಬಾಯಿಗೆ ಬಂದದ್ದು ‘ಕಸ ಬಿತ್ತಾ?’ ಅಂತ. (ಕಸ ಅಂದರೆ ಕರು ಹಾಕಿದ ಮೇಲೆ ಹೊರಗೆ ಬೀಳುವ ಮಾಸು.) ಕನ್ನಡದಲ್ಲೇ! ಇವರು ಹೈಸ್ಕೂಲು ಮುಗಿಯುವ ತನಕ ಕೊಟ್ಟಿಗೆ ಕೆಲಸ ಮಾಡಿದವರು. ವೆಟ್‌ಗೆ ಅರ್ಥವಾಗಲಿಲ್ಲ. ಇವರಿಗೆ ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಗೊತ್ತಿಲ್ಲ. ಕೈಯಲ್ಲಿ ತೋರಿಸಿದ್ದಾರೆ. ಮಗಳೇ ಅದರ ಹೆಸರು ಹೇಳಿದ್ದು. ಕಸ ಬಿದ್ದಿರಲಿಲ್ಲ. ಅದನ್ನೇ ನೋಡಲು ವೆಟ್ ಬಂದಿದ್ದರು.

ಆಮೇಲೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ಮಧ್ಯಾಹ್ನದ ತನಕ ಇಬ್ಬರೂ ಅಲ್ಲೇ. ಮನೆಗೆ ಬಂದಾಗ ಕಾರಿನ ತುಂಬಾ ಸಗಣಿ ವಾಸನೆ. ಅತ್ತೆಗೆ ವಿಡಿಯೋ ಕಾಲ್ ಮಾಡಿ ಮುಕ್ಕಾಲು ಗಂಟೆ ಅದೇ ಕಥೆ. ಅತ್ತೆ ನಗಲಿಲ್ಲ ಈ ಸಲ, ಹಸು ಎಷ್ಟು ಲೀಟರ್ ಕೊಡುತ್ತದೆ ಅಂತ ಕೇಳಿದರು.

ಕಾಲಂ ವಿಷಯ: ಓಹಾಯೋ ಸ್ಟೇಟಿಗೆ ಅನಿಮಲ್ ಸೈನ್ಸ್, ಸೈನ್ಸ್ ದಾರಿ. ಇನ್ನೆರಡು ಕಡೆ ಆ ಮೇಜರ್ ಇರಲಿಲ್ಲ, ಅಲ್ಲಿಗೆ ಬಯಾಲಜಿ. ಮಿಸಿಸಿಪ್ಪಿಗೂ ಒಂದು ಅರ್ಜಿ ಹಾಕುತ್ತೇನೆ ಅನ್ನುತ್ತಾಳೆ, ಅಷ್ಟು ದೂರ ಕಳಿಸಲು ನನಗೆ ಇಷ್ಟವಿಲ್ಲ. ಅದು ಇನ್ನೂ ಜಗಳದಲ್ಲಿದೆ. ಕೆಮಿಸ್ಟ್ರಿ ಎಲ್ಲ ಕಡೆಯೂ ಮೊದಲ ಸೆಮಿಸ್ಟರಿಗೇ.

ಇನ್ನು ಪ್ರತಿ ಶನಿವಾರ ಬಾ ಅಂದಿದ್ದಾರಂತೆ ಆ ವೆಟ್. ಮೊನ್ನೆ ಅವಳು ಹಾಕಿಕೊಂಡು ಹೋದದ್ದು ಓಡುವ ಶೂ, ಅದು ಈಗ ಕಸದ ಬುಟ್ಟಿಯಲ್ಲಿದೆ. ಗಂಬೂಟು ಎಂಥದ್ದು ತಗೋಬೇಕು? ಯಾರಾದರೂ ಹೇಳಿ.

ಹೆಬ್ಬಾಳದ_ಹಳೆ_ಹುಲಿ

ರಬ್ಬರಿಂದು, ಮೊಣಕಾಲಿನ ತನಕ ಬರುವುದು. ಒಂದು ಸೈಜ್ ದೊಡ್ಡದು ತಗೊಳ್ಳಿ, ಚಳಿಗಾಲದಲ್ಲಿ ಒಳಗೆ ಎರಡು ಜೊತೆ ಉಲ್ಲನ್ ಕಾಲುಚೀಲ ಹೋಗಬೇಕು. ಮನೆಯೊಳಗೆ ತರಬೇಡಿ, ಗ್ಯಾರೇಜಿನಲ್ಲೇ ತೊಳೆದು ತಲೆಕೆಳಗೆ ನಿಲ್ಲಿಸಿ. ಒಂದು ಫಾರಂನಿಂದ ಇನ್ನೊಂದು ಫಾರಂಗೆ ಹೋಗುವಾಗ ನಡುವೆ ಬ್ರಷ್ ಹಾಕಿ ತೊಳೆಯಲೇಬೇಕು, ಅದನ್ನು ಆ ವೆಟ್ ಹೇಳಿಕೊಟ್ಟಿರುತ್ತಾರೆ.

ಯಜಮಾನರಿಗೂ ಒಂದು ಜೊತೆ ತಗೊಳ್ಳಿ.